ಕೆರಿಬಿಯನ್‌ನಲ್ಲಿ ಟೆಂಟ್ ಮತ್ತು ಸೈಕಲ್: ಕುಲೆಬ್ರಾಗೆ ಹೋಗಿ

ನೀವು ಕೇಳಿದ್ದು ಇಷ್ಟು: ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದೀರಿ, ಫೆಬ್ರವರಿಯಲ್ಲಿ ಒಂದು ವಾರ ರಜೆ ಇದೆ. ರೆಸಾರ್ಟ್ ಬೇಡ, ಗೆಳೆಯನ ಜೊತೆ ಟೆಂಟ್ ಹಾಕಿ ಸೈಕಲ್ ಹೊಡೆಯಬೇಕು. ಯಾವ ದ್ವೀಪ ಒಳ್ಳೆಯದು, ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ನಾನು ಹೇಳೋದು ಕುಲೆಬ್ರಾ. ಪೋರ್ಟೊ ರಿಕೊದ ಪೂರ್ವಕ್ಕೆ ಸುಮಾರು 27 ಕಿ.ಮೀ. ದೂರದಲ್ಲಿರುವ ಪುಟ್ಟ ದ್ವೀಪ. ಉದ್ದ 11 ಕಿ.ಮೀ., ಅಗಲ 5 ಕಿ.ಮೀ. ಅಷ್ಟೇ. ಇಷ್ಟು ಚಿಕ್ಕದಾ ಅಂತ ನಕ್ಷೆ ನೋಡಿ ಬೇಜಾರಾಗಬೇಡಿ. ನನ್ನ ಪ್ರಕಾರ ಚಿಕ್ಕದಾಗಿರೋದೇ ಇದರ ಗುಣ. ಒಂದೇ ಕಡೆ ಟೆಂಟ್ ಹಾಕಿ, ಸಾಮಾನೆಲ್ಲ ಅಲ್ಲೇ ಬಿಟ್ಟು, ದಿನಾ ಖಾಲಿ ಸೈಕಲ್‌ನಲ್ಲಿ ಸುತ್ತಬಹುದು. ದೊಡ್ಡ ದ್ವೀಪ ಆರಿಸಿಕೊಂಡರೆ ಬ್ಯಾಗು ಕಟ್ಟೋದು, ಬಿಚ್ಚೋದು, ರಾತ್ರಿಗೆ ಜಾಗ ಹುಡುಕೋದು, ಇದರಲ್ಲೇ ವಾರ ಮುಗಿಯುತ್ತೆ.

ಇನ್ನೊಂದು ಕಾರಣ ನಿಮ್ಮ ವೀಸಾ. ಪೋರ್ಟೊ ರಿಕೊ ಅಮೆರಿಕದ್ದೇ ಪ್ರದೇಶ. ಡಲ್ಲಾಸ್‌ನಿಂದ ನೇರವಾಗಿ ಅದರ ರಾಜಧಾನಿ ಸಾನ್ ವಾನ್‌ಗೆ ಹೋದರೆ ದೇಶ ಬಿಟ್ಟ ಹಾಗಲ್ಲ, ಪಾಸ್‌ಪೋರ್ಟ್‌ನಲ್ಲಿ ಸ್ಟ್ಯಾಂಪ್ ಆಗಿರೋ ವೀಸಾದ ಅವಧಿ ಮುಗಿದಿದೆ ಅನ್ನೋ ತಲೆನೋವು ಇಲ್ಲ. ಆದರೂ ಪಾಸ್‌ಪೋರ್ಟ್, ಐ-797 (ಎಚ್-1ಬಿ ಮಂಜೂರಾತಿ ಪತ್ರ), ಐ-94 (ಅಮೆರಿಕಕ್ಕೆ ಬಂದ ದಾಖಲೆ) ಮೂರನ್ನೂ ಜೊತೆಗೆ ಇಟ್ಟುಕೊಳ್ಳಿ. ವಾಪಸ್ ಬರುವಾಗ ಸಾನ್ ವಾನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೇಳೋದುಂಟು.

ಈಗ ಮುಖ್ಯ ವಿಷಯ, ಫೆರಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಫೆರಿಯ ವೇಳೆ ನೋಡಿ. ಇಡೀ ಪ್ಲಾನ್ ನಿಂತಿರೋದು ಅದರ ಮೇಲೆ. ಫೆರಿ ಹೊರಡೋದು ಪೋರ್ಟೊ ರಿಕೊದ ಪೂರ್ವ ತೀರದ ಊರು ಸೈಬಾದಿಂದ, ಹಳೆಯ ರೂಸ್‌ವೆಲ್ಟ್ ರೋಡ್ಸ್ ನೌಕಾನೆಲೆಯ ಜಾಗದಿಂದ. 2018ಕ್ಕಿಂತ ಮೊದಲು ಪಕ್ಕದ ಊರು ಫಹಾರ್ದೊದಿಂದ ಹೊರಡುತ್ತಿತ್ತು. ಹಳೆಯ ಪ್ರವಾಸ ಬರಹಗಳಲ್ಲಿ ಈಗಲೂ ಫಹಾರ್ದೊ ಅಂತಲೇ ಇರುತ್ತೆ, ನಂಬಬೇಡಿ. ಸಾನ್ ವಾನ್‌ನಿಂದ ಸೈಬಾಗೆ ಕಾರಿನಲ್ಲಿ ಒಂದು ಗಂಟೆಗೂ ಜಾಸ್ತಿ ಬೇಕು, ನೆಚ್ಚಿಕೊಳ್ಳುವಂಥ ಬಸ್ ಇಲ್ಲ. ಟ್ಯಾಕ್ಸಿಗೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಸೈಕಲ್‌ನಲ್ಲೇ ಹೋಗೋಣ ಅಂತ ಆಸೆ ಆಗಬಹುದು. ಆ ದಾರಿಯಲ್ಲಿ ವಾಹನಗಳ ಭರಾಟೆ ಜಾಸ್ತಿ, ಬೇಡ.

ಫೆರಿ ದರ ಒಬ್ಬರಿಗೆ ಒಂದು ಕಡೆಗೆ ಎರಡೂಕಾಲು ಡಾಲರ್ ಆಸುಪಾಸು. ಮುಕ್ಕಾಲು ಗಂಟೆ ಪಯಣ. ಇಷ್ಟು ಅಗ್ಗ ಯಾಕೆ ಅಂದರೆ ಅದು ಪ್ರವಾಸಿಗರಿಗಾಗಿ ಓಡುವ ದೋಣಿ ಅಲ್ಲ. ದ್ವೀಪದಲ್ಲಿರುವ ಸುಮಾರು 1,800 ಜನರಿಗೆ ಆಸ್ಪತ್ರೆ, ಸಂತೆ, ಸರ್ಕಾರಿ ಕೆಲಸ ಎಲ್ಲಕ್ಕೂ ಅದೇ ದಾರಿ. ಹಾಗಾಗಿ ಸ್ಥಳೀಯರಿಗೆ ಮೊದಲ ಆದ್ಯತೆ. ಇದು ಸರಿಯಾದದ್ದೇ. ಟಿಕೆಟ್ ಆನ್‌ಲೈನ್‌ನಲ್ಲಿ ಬಿಟ್ಟ ತಕ್ಷಣ ತೆಗೆದುಕೊಳ್ಳಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಸಮುದ್ರ ಒರಟಾಗಿದ್ದರೆ ಫೆರಿ ರದ್ದಾಗುತ್ತೆ. ಅದಕ್ಕೇ ದ್ವೀಪದಿಂದ ಬಂದ ದಿನವೇ ಡಲ್ಲಾಸ್ ವಿಮಾನ ಇಟ್ಟುಕೊಳ್ಳಬೇಡಿ, ಒಂದು ರಾತ್ರಿ ಸಾನ್ ವಾನ್‌ಗೆ ಬಿಡಿ.

ಟೆಂಟ್ ಹಾಕೋಕೆ ಅನುಮತಿ ಇರೋದು ಫ್ಲಮೆಂಕೊ ಬೀಚ್‌ನ ಕ್ಯಾಂಪ್‌ಗ್ರೌಂಡ್‌ನಲ್ಲಿ ಮಾತ್ರ. ಮೊದಲೇ ಸಂಪರ್ಕಿಸಿ ಜಾಗ ಕಾದಿರಿಸಿ. ಬೇರೆ ಬೀಚ್‌ಗಳಲ್ಲಿ ಸುಮ್ನೆ ಒಂದು ರಾತ್ರಿ ಮಲಗೋಣ ಅಂತ ಹೊರಡಬೇಡಿ. ದ್ವೀಪದ ಸಾಕಷ್ಟು ಭಾಗ 1909ರಿಂದ ವನ್ಯಜೀವಿ ಧಾಮ. ಬ್ರಾವಾ, ರೆಸಾಕಾ ಬೀಚ್‌ಗಳಿಗೆ ದೊಡ್ಡ ಸಮುದ್ರದಾಮೆಗಳು ಮೊಟ್ಟೆ ಇಡೋಕೆ ಬರುತ್ತವೆ.

ಫ್ಲಮೆಂಕೊ ತೀರದಲ್ಲಿ ತುಕ್ಕು ಹಿಡಿದ ಯುದ್ಧದ ಟ್ಯಾಂಕ್‌ಗಳಿವೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅವು ಅಲ್ಲಿಗೆ ಬಂದ ಕಥೆಯನ್ನು ತಿಳಿದುಕೊಂಡೇ ಹೋಗಿ ಅನ್ನೋದು ನನ್ನ ಆಸೆ. ಅಮೆರಿಕದ ನೌಕಾಪಡೆ ದಶಕಗಳ ಕಾಲ ಈ ದ್ವೀಪವನ್ನು ಗುಂಡು, ಬಾಂಬಿನ ಅಭ್ಯಾಸಕ್ಕೆ ಬಳಸಿತು. ಜನ ಬದುಕುತ್ತಿದ್ದ ದ್ವೀಪದ ಮೇಲೆ! 1971ರಲ್ಲಿ ಪ್ರತಿಭಟನಾಕಾರರು ಇದೇ ಫ್ಲಮೆಂಕೊ ಬೀಚ್‌ನಲ್ಲಿ ಪುಟ್ಟದೊಂದು ಪ್ರಾರ್ಥನಾ ಮಂದಿರ ಕಟ್ಟಿ ಕೂತರು. ಪೋರ್ಟೊ ರಿಕೊ ಸ್ವಾತಂತ್ರ್ಯ ಪಕ್ಷದ ನಾಯಕ ರುಬೆನ್ ಬೆರ್ರಿಯೋಸ್ ಈ ಹೋರಾಟದಲ್ಲಿ ಜೈಲಿಗೆ ಹೋದರು. ಕೊನೆಗೆ 1975ರಲ್ಲಿ ಬಾಂಬ್ ಅಭ್ಯಾಸ ನಿಂತಿತು. ಇವತ್ತು ನಾವು ಆ ಮರಳಿನ ಪಕ್ಕ ಟೆಂಟ್ ಹಾಕೋಕೆ ಆಗುತ್ತಿದೆ ಅಂದರೆ ಅವರ ಹಠದಿಂದ. ಸಿಡಿಯದ ಮದ್ದುಗುಂಡು ಈಗಲೂ ಅಲ್ಲಲ್ಲಿ ನೆಲದಲ್ಲಿದೆ. ಎಚ್ಚರಿಕೆಯ ಫಲಕ ಇರುವ ಕಡೆ ಕಾಲುದಾರಿ ಬಿಟ್ಟು ಇಳಿಯಬೇಡಿ. ಲೋಹದ ವಿಚಿತ್ರ ವಸ್ತು ಕಂಡರೆ ಮುಟ್ಟಬೇಡಿ.

ಸೈಕಲ್ ವಿಷಯಕ್ಕೆ ಬರ್ತೀನಿ. ಡಲ್ಲಾಸ್‌ನಿಂದ ಸ್ವಂತ ಸೈಕಲ್ ಒಯ್ಯಬೇಡಿ. ಬಾಕ್ಸ್ ಕಟ್ಟೋದು, ಏರ್‌ಲೈನ್ ಶುಲ್ಕ, ಟ್ಯಾಕ್ಸಿ, ಫೆರಿ, ಆಮೇಲೆ ಆ ಖಾಲಿ ಬಾಕ್ಸ್ ಎಲ್ಲಿಡೋದು? ಕುಲೆಬ್ರಾದಲ್ಲೇ ಬಾಡಿಗೆಗೆ ಸಿಗುತ್ತೆ. ತೆಗೆದುಕೊಳ್ಳುವಾಗ ಎರಡು ಬ್ರೇಕನ್ನೂ ಒತ್ತಿ ನೋಡಿ, ಗೇರ್ ತೀರಾ ಹಗುರಕ್ಕೆ ಇಳಿಯುತ್ತಾ ನೋಡಿ. ಇಲ್ಲಿನ ಗುಡ್ಡಗಳು ಎತ್ತರವಲ್ಲ, ಅತಿ ಎತ್ತರದ ಮೊಂತೆ ರೆಸಾಕಾ 200 ಮೀಟರ್ ಕೂಡ ಇಲ್ಲ. ಆದರೆ ಏರು ಕಡಿದು. ನಂದಿ ಬೆಟ್ಟದ ಹಾಗೆ ಒಂದೇ ಲಯ ಹಿಡಿದು ಹತ್ತುವ ದಾರಿ ಅಲ್ಲ ಇದು. ದಿಢೀರ್ ಏರು, ದಿಢೀರ್ ಇಳಿಜಾರು. ಇಳಿಯುವಾಗ ಬ್ರೇಕೇ ದೇವರು.

ಫೆರಿ ಇಳಿಯುವ ಊರು ಡ್ಯೂಯಿ. ಅಲ್ಲಿಂದ ಫ್ಲಮೆಂಕೊಗೆ ವಿಮಾನಪಟ್ಟಿ ದಾಟಿ ಹೋಗಬೇಕು, ಒಂದು ಗುಡ್ಡ ಹತ್ತಿ ಇಳಿದರೆ ಬೀಚ್. ಟೆಂಟ್, ನೀರು, ಅಡುಗೆ ಸಾಮಾನು ಹೊತ್ತು ಆ ಗುಡ್ಡ ತುಳಿಯೋದು ಬೇಡ. ಹೋಗುವಾಗ, ಬರುವಾಗ ಮಾತ್ರ ಬಾಡಿಗೆ ವ್ಯಾನ್‌ನಲ್ಲಿ ಹೋಗಿ. ಮರುದಿನದಿಂದ ಸೈಕಲ್. ಒಂದು ದಿನ ಪೂರ್ವ ತುದಿಯ ಸೋನಿ ಬೀಚ್‌ಗೆ ಹೋಗಲೇಬೇಕು. ಡ್ಯೂಯಿಯಿಂದ ಎಂಟೊಂಬತ್ತು ಕಿ.ಮೀ. ಇರಬಹುದು. ಕೊನೆಯ ಭಾಗ ಕಿರಿದು, ಕಡಿದು, ಇಳಿದು ತಳ್ಳಿಕೊಂಡು ಹೋದರೂ ಪರವಾಗಿಲ್ಲ. ಹೋಗುವಾಗ ಪೂರ್ವದ ಗಾಳಿ ಎದುರಿಗೆ ಬೀಸುತ್ತೆ, ಬರುವಾಗ ಅದೇ ಬೆನ್ನು ತಳ್ಳುತ್ತೆ. ಬೆಳಿಗ್ಗೆ ಬೇಗ ಹೊರಡಿ, ಹತ್ತರ ಮೇಲೆ ಬಿಸಿಲು ಸುಡುತ್ತೆ. ಇನ್ನೊಂದು ದಿನ ತಮರಿಂದೊ ಬೀಚ್. ಅಲ್ಲಿ ಮುಖಕ್ಕೆ ಸ್ನಾರ್ಕೆಲ್ ಹಾಕಿ ತೇಲಿದರೆ ಆಮೆಗಳು ಕಡಲಹುಲ್ಲು ಮೇಯೋದು ಕಾಣಬಹುದು. ದೂರದಿಂದಲೇ ನೋಡಿ. ಫ್ಲಮೆಂಕೊದಲ್ಲಿ ಚಳಿಗಾಲಕ್ಕೆ ಉತ್ತರದಿಂದ ದೊಡ್ಡ ಅಲೆ ಬರೋದುಂಟು, ಅಂಥ ದಿನ ಅಲ್ಲಿ ಈಜು ಬೇಡ. ಸಂಜೆ ಚೈನ್‌ಗೆ ಎರಡು ಹನಿ ಎಣ್ಣೆ ಹಾಕಿ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ.

ಟೆಂಟ್ ಆದಷ್ಟು ಜಾಲರಿ ಇರುವಂಥದ್ದು ಇರಲಿ, ಮರಳಿನಲ್ಲಿ ನಿಲ್ಲುವ ಅಗಲ ಗೂಟ ಬೇಕು. ಫೆಬ್ರವರಿ ಒಣ ಕಾಲ, ಆದರೂ ರಾತ್ರಿ ಐದು ನಿಮಿಷದ ಮಳೆ ಬರಬಹುದು. ಸಂಜೆ ಕಣ್ಣಿಗೇ ಕಾಣದಷ್ಟು ಸಣ್ಣ ನೊರಜುಗಳು ಕಚ್ಚುತ್ತವೆ. ಸೊಳ್ಳೆಯೂ ಇದೆ, ಪೋರ್ಟೊ ರಿಕೊದಲ್ಲಿ 2024ರಲ್ಲಿ ಡೆಂಗಿ ತುರ್ತುಸ್ಥಿತಿಯನ್ನೇ ಘೋಷಿಸಿದ್ದರು. ಉದ್ದ ತೋಳಿನ ಅಂಗಿ, ಸೊಳ್ಳೆ ಮುಲಾಮು ಮರೆಯಬೇಡಿ. ಮತ್ತೆ ಮ್ಯಾಂಚಿನೀಲ್ ಅನ್ನೋ ಮರ. ಸಣ್ಣ ಹಸಿರು ಸೇಬಿನ ಹಾಗಿರುವ ಅದರ ಹಣ್ಣು ವಿಷ, ಮರದಿಂದ ಒಸರುವ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತೆ. ಗುರುತಿಲ್ಲದ ಮರದ ಕೆಳಗೆ ಮಳೆಗೆ ನಿಲ್ಲಬೇಡಿ.

ನೀರು ಹಿತಮಿತ. ದ್ವೀಪದಲ್ಲಿ ಒಂದೂ ಹೊಳೆ ಇಲ್ಲ, ನೀರು ಬರೋದು ಸಮುದ್ರದಡಿಯ ಪೈಪಿನಲ್ಲಿ. ಕುಡಿಯೋಕೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ ಕೊಂಡಿಡಿ.

ಊಟದ ಪ್ರಶ್ನೆಗೆ ಉತ್ತರ: ಸ್ವಲ್ಪ ತಯಾರಿ ಇದ್ದರೆ ಕಷ್ಟವಿಲ್ಲ. ಅಲ್ಲಿ ಅನ್ನ, ಹುರುಳಿಕಾಯಿ ಬೀಜದ ಸಾರು ಎಲ್ಲ ಕಡೆ ಸಿಗುತ್ತೆ, ಆದರೆ ಸಾರಿಗೆ ಹಂದಿಮಾಂಸ ಹಾಕೋ ರೂಢಿ ಇದೆ. ‘ಸಿನ್ ಕಾರ್ನೆ, ಸಿನ್ ಹಮೋನ್’ ಅಂತ ಕೇಳಿ, ಅಂದರೆ ಮಾಂಸ ಬೇಡ, ಹ್ಯಾಮ್ ಬೇಡ. ಬಾಳೆಕಾಯಿ ಚಪ್ಪಟೆ ಮಾಡಿ ಕರಿದ ತೋಸ್ತೋನೆಸ್ ನಿಮಗೆ ಖಂಡಿತ ಇಷ್ಟವಾಗುತ್ತೆ. ಮೊಫೊಂಗೊ ಕೂಡ ಬಾಳೆಕಾಯಿಯದ್ದೇ, ಆದರೆ ಅದಕ್ಕೆ ಹಂದಿಯ ಚರ್ಮ ಸೇರಿಸಿ ಕುಟ್ಟಿರುತ್ತಾರೆ, ಕೇಳಿ ತಿನ್ನಿ. ಡಲ್ಲಾಸ್‌ನಿಂದ ಅವಲಕ್ಕಿ, ಚಟ್ನಿಪುಡಿ, ಹುಣಸೆ ಗೊಜ್ಜು ಒಯ್ಯಿರಿ. ಗೊಜ್ಜವಲಕ್ಕಿಗೆ ಒಲೆಯೇ ಬೇಡ, ನೆನೆಸಿದರೆ ಆಯ್ತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡೋದಿಲ್ಲ, ಹಾಗಾಗಿ ಒಲೆ ಇಲ್ಲದೆ ನಡೆಯುವ ಊಟವೇ ಸುಲಭ. ಉಳಿದ ದಿನಸಿಯನ್ನು ಸೈಬಾಗೆ ಹೋಗುವ ದಾರಿಯಲ್ಲೇ ಕೊಂಡುಬಿಡಿ. ವಾಪಸ್ ಬರುವಾಗ ಸಾನ್ ವಾನ್‌ನಲ್ಲಿ ಕೃಷಿ ಇಲಾಖೆಯವರು ಬ್ಯಾಗ್ ತಪಾಸಣೆ ಮಾಡುತ್ತಾರೆ. ಉಳಿದ ಮಾವು, ಪೇರಲೆ ಇದ್ದರೆ ಅದಕ್ಕೆ ಮೊದಲೇ ತಿಂದು ಮುಗಿಸಿ.