ಅಡಿಕೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಇದೆಯೇ ಎಂದು ಹುಡುಕುವುದು ಹೇಗೆ? ಹೆಸರು ಹಾಕಿದರೆ ಸರಿಯಾಗಿ ಸಿಗುತ್ತಿಲ್ಲ.

ಹೆಸರಿನಿಂದಲ್ಲ, ವರ್ಗೀಕರಣ ಸಂಖ್ಯೆಯಿಂದ ಹುಡುಕಿ. ಪೇಟೆಂಟ್ ಬರೆಯುವವರು ತಮ್ಮ ಹಕ್ಕು ಆದಷ್ಟು ವಿಶಾಲವಾಗಿರಲಿ ಎಂದು ‘ಅಡಿಕೆ’ ಎನ್ನದೆ ‘ಸಿಪ್ಪೆಯುಳ್ಳ ಕಾಯಿ’, ‘ಯಂತ್ರ’ ಎನ್ನದೆ ‘ಸಾಧನ’ ಎಂದು ಬರೆಯುವುದುಂಟು. ನೀವು ಹಾಕಿದ ಪದ ಅಲ್ಲಿ ಇರುವುದೇ ಇಲ್ಲ! ಆದರೆ ಪೇಟೆಂಟ್ ಕಚೇರಿ ಪ್ರತಿ ಅರ್ಜಿಗೂ ವಿಷಯ ನೋಡಿ ಅಂತರರಾಷ್ಟ್ರೀಯ ವರ್ಗೀಕರಣ ಸಂಖ್ಯೆ ಕೊಡುತ್ತದೆ. ಕಾಯಿ ಸುಲಿಯುವ, ಒಡೆಯುವ ಯಂತ್ರಗಳದ್ದು ಎ23ಎನ್ 5/00. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೂಗಲ್ ಪೇಟೆಂಟ್ಸ್ ಅಥವಾ ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್‌ನಲ್ಲಿ ಹಾಕಿ, ಎರಡೂ ಉಚಿತ. ಭಾರತದ ಅರ್ಜಿಗಳಿಗೆ ಸರ್ಕಾರಿ ತಾಣ ಇನ್‌ಪಾಸ್ ಇದೆ, ಕ್ಯಾಪ್ಚಾ ಜತೆ ತುಸು ಗುದ್ದಾಡಬೇಕು ಅಷ್ಟೇ.

ಹತ್ತಿರದ ಒಂದು ಪೇಟೆಂಟ್ ಸಿಕ್ಕರೆ, ಅದು ಉಲ್ಲೇಖಿಸಿದ ಹಳೆಯವನ್ನೂ ಅದನ್ನು ಉಲ್ಲೇಖಿಸಿದ ಹೊಸವನ್ನೂ ನೋಡಿ. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಎಚ್ಚರಿಕೆ: ಅರ್ಜಿಗಳು ಸಾಮಾನ್ಯವಾಗಿ ಮೊದಲು ಸಲ್ಲಿಸಿದ 18 ತಿಂಗಳ ನಂತರವೇ ಪ್ರಕಟವಾಗುವುದರಿಂದ ತೀರಾ ಹೊಸವು ಎಲ್ಲೂ ಕಾಣುವುದಿಲ್ಲ.

ಯಂತ್ರದ ಗುಣಮಟ್ಟ, ಸುರಕ್ಷತೆಯ ಮಾನಕಗಳು ಬೇರೆಯೇ ದಾಖಲೆ. ಭಾರತೀಯ ಮಾನಕಗಳನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ತಾಣದಲ್ಲಿ ನೋಂದಾಯಿಸಿಕೊಂಡು ಹುಡುಕಬಹುದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಮಾನಕಗಳಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು.