ಮೂರು ದಿನದ ಶಾಲಾ ಶಿಬಿರಕ್ಕೆ ಮಗಳನ್ನು ಕಳಿಸಲೇ? ಜೊತೆಗೆ ನಾನೂ ಹೋಗಲೇ?

ಮಗಳು ಎಂಟನೇ ತರಗತಿ, ಶಾಲೆಯವರು ಮಲೆನಾಡಿನಲ್ಲಿ ಮೂರು ದಿನದ ಶಿಬಿರ ಇಟ್ಟಿದ್ದಾರೆ, ತಾಯಂದಿರೂ ಒಬ್ಬಿಬ್ಬರು ಸಹಾಯಕ್ಕೆ ಬನ್ನಿ ಎಂದಿದ್ದಾರೆ, ಪಾಠ ತಪ್ಪಿಸಿ ದುಡ್ಡು ಕೊಟ್ಟು ಹೋಗುವಂಥದ್ದು ಅದರಲ್ಲಿ ಏನಿದೆ ಎಂದು ಕೇಳಿದ್ದೀರಿ.

ಕಳಿಸಿ. ಸಾಧ್ಯವಾದರೆ ನೀವೂ ಹೋಗಿ. ನಾನು ಚಳ್ಳಕೆರೆ ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷ ನಮ್ಮ ಮಕ್ಕಳನ್ನು ಆಗುಂಬೆಗೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಕಡೆ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ತಗುಲಿ ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ, ಬಯಲುಸೀಮೆಗೆ ಬರುವ ಹೊತ್ತಿಗೆ ಬಹುಪಾಲು ಬರಿದಾಗಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟು ವರ್ಷ ಕಲಿಸಿದ್ದೇನೋ. ಒಂದು ದಿನವೂ ಯಾರೂ ಎದುರು ಪ್ರಶ್ನೆ ಹಾಕಿರಲಿಲ್ಲ. ಘಾಟಿಯ ನೆತ್ತಿಯಲ್ಲಿ, ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತು ಕೆಳಗಿನ ಕರಾವಳಿ ತೋರಿಸುತ್ತಿದ್ದಾಗ ಒಬ್ಬಳು ಕೇಳಿದಳು: "ಮಿಸ್, ಹಂಗಾದ್ರೆ ನಮ್ ಮಳೇನೆಲ್ಲ ಈ ಗುಡ್ಡಾನೇ ಇಟ್ಕೊಂಡೈತಾ?" ಆ ರಾತ್ರಿ ಊಟಕ್ಕೆ ಕೂತಾಗಲೂ ಮಕ್ಕಳ ಬಾಯಲ್ಲಿ ಅದೇ ಮಾತು. ಈ ಗುಡ್ಡ ಇಲ್ಲದಿದ್ದರೆ ನಮ್ಮ ಶೇಂಗಾ ಹೊಲಕ್ಕೆ ಮಳೆ ಬರುತ್ತಿತ್ತಾ, ತುಂಗೆಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಎರಡು ಗುಂಪಾಗಿ ವಾದ ಮಾಡಿದರು.

ನನಗೆ ಅದಕ್ಕಿಂತ ದೊಡ್ಡ ಪಾಠ ಕಲಿಸಿದವನು ಕುರಿ ಕಾಯುವ ಮನೆಯ ಒಬ್ಬ ಹುಡುಗ. ಒಂಬತ್ತನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಅವನಿಗೆ ಅವಮಾನವಾಗದಿರಲಿ ಎಂದು ನಾನು ಅವನನ್ನು ಏನೂ ಕೇಳುವುದನ್ನೇ ಬಿಟ್ಟುಬಿಟ್ಟಿದ್ದೆ. ಅದು ತಪ್ಪು ಎಂದು ತಿಳಿದದ್ದು ಕಾಡಿನ ದಾರಿಯಲ್ಲಿ. ಎಲ್ಲರೂ ದಾಟಿ ಹೋದ ಜಾಗದಲ್ಲಿ ಅವನು ಕುಕ್ಕರಗಾಲಲ್ಲಿ ಕೂತು, "ಮಿಸ್, ಇದು ಕುರಿ ಹಿಕ್ಕೆ ಇದ್ದಂಗೇ ಐತೆ, ಆದ್ರೆ ನಮ್ ಕುರೀದಲ್ಲ" ಅಂದ. ದಾರಿ ತೋರಿಸಲು ಬಂದಿದ್ದ ಊರಿನವರು ಬಗ್ಗಿ ನೋಡಿ, "ಹೌದು ಮಾರಾಯ, ಇದು ಕಾಡುಕುರೀದು" ಎಂದರು. ಕಾಡುಕುರಿ ಎಂದರೆ ನಾಯಿ ಬೊಗಳಿದಂತೆ ಕೂಗುವ ಒಂದು ಸಣ್ಣ ಜಿಂಕೆ. ಅಲ್ಲಿಂದ ಮುಂದೆ ಮಕ್ಕಳೆಲ್ಲ ಅವನ ಹಿಂದೆ. ಹಸಿ ಸೌದೆಯಲ್ಲಿ ಒಲೆ ಹೊತ್ತಿಸಿದವನೂ ಅವನೇ. ಊರಿಗೆ ಬಂದ ಮೇಲೆ ಅವನ ಅಂಕ ಏನೂ ಏರಲಿಲ್ಲ, ಸುಳ್ಳು ಹೇಳಲಾರೆ. ಆದರೆ ಹುಲ್ಲುಗಾವಲು, ಮಣ್ಣು, ವಲಸೆ ಎಂಬ ಪಾಠ ಬಂದಾಗ ನಾನು ಮೊದಲು ಅವನನ್ನು ಕೇಳತೊಡಗಿದೆ. ಅವನು ಹೇಳತೊಡಗಿದ.

ಶಿಕ್ಷಕರಿಗೆ ಶಿಬಿರ ಸುಲಭವಲ್ಲ. ನಿದ್ದೆ ಇರುವುದಿಲ್ಲ, ಗಂಟೆಗೊಮ್ಮೆ ತಲೆ ಎಣಿಸಬೇಕು.

ಇನ್ನು ನಿಮ್ಮ ವಿಷಯ. ಮೊದಲ ವರ್ಷ ನಮ್ಮಲ್ಲಿ ಹೊರಟ ಹುಡುಗಿಯರು ಒಂಬತ್ತೇ ಜನ. ರಾತ್ರಿ ಹೊರಗೆ ಉಳಿಯುವುದೆಂದರೆ ಮನೆಗಳಲ್ಲಿ ಬೇಡವೇ ಬೇಡ ಅಂದಿದ್ದರು. ಮರುವರ್ಷ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿ ಮೂವರು ತಾಯಂದಿರನ್ನು ಒಪ್ಪಿಸಿದೆವು. ಹತ್ತೊಂಬತ್ತು ಹುಡುಗಿಯರು ಬಂದರು. ಅಲ್ಲಿ ಒಬ್ಬಳಿಗೆ ಮೊದಲ ಸಲ ಮುಟ್ಟಾಯಿತು. ನನ್ನ ಹತ್ತಿರ ಹೇಳಲು ನಾಚಿಕೊಂಡವಳು ಜೊತೆಗೆ ಬಂದಿದ್ದ ಒಬ್ಬ ಅಮ್ಮನ ಹತ್ತಿರ ಹೇಳಿದಳು. ಪೋಷಕರು ಬರುವುದು ಬರೀ ಅಡುಗೆಗೆ, ಕಾವಲಿಗೆ ಎಂದು ದಯವಿಟ್ಟು ತಿಳಿಯಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮಗಳ ಗುಂಪಿನಲ್ಲಿ ನೀವಿರಬೇಡಿ. ಎರಡನೇ ರಾತ್ರಿ ಪಕ್ಕದ ಕೋಣೆಯಲ್ಲಿ ಒಂದು ಮಗು ಮನೆ ನೆನೆದು ಅಳುತ್ತಿತ್ತು. ಆ ಕೋಣೆಯಲ್ಲಿ ಮಗಳಿದ್ದ ತಾಯಿ ಎದ್ದು ಹೊರಟರು. ನಾನು ಕೈ ಹಿಡಿದು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಅವರ ಮಗಳ ದನಿ ಕೇಳಿತು: "ನನ್ ಕಂಬಳಿಯೊಳಗೆ ಬಾ, ನಂಗೂ ಭಯ ಆಗ್ತೈತೆ." ಅಮ್ಮ ಒಳಗೆ ಹೋಗಿದ್ದರೆ ಆ ಹುಡುಗಿ ಆ ಮಾತು ಆಡುತ್ತಿರಲಿಲ್ಲ. ಮನೆಯಲ್ಲಿ ಅವಳು ಇನ್ನೂ ಅಜ್ಜಿಯ ಪಕ್ಕದಲ್ಲೇ ಮಲಗುವವಳು ಎಂದು ಆ ತಾಯಿ ಕತ್ತಲಲ್ಲಿ ಪಿಸುಗುಟ್ಟಿದರು.

ಭಯದ ಮಾತನ್ನು ಮುಚ್ಚಿಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಹಾಗಾಗಿ ದುಡ್ಡು ಕಟ್ಟುವ ಮೊದಲು ಕೇಳಿ: ಹೊಳೆ, ಜಲಪಾತ, ಕಡಲಿಗೆ ಇಳಿಸುತ್ತೀರಾ? ಇಳಿಸುತ್ತೇವೆ ಎಂದರೆ ಕಳಿಸಬೇಡಿ. ರಾತ್ರಿ ಪ್ರಯಾಣ ಇದೆಯೇ, ಇಲಾಖೆಯ ಅನುಮತಿ ಸಿಕ್ಕಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು? ಇವಕ್ಕೆ ತಡವರಿಸದೆ ಉತ್ತರ ಕೊಡುವ ಶಾಲೆಯಾದರೆ ಧೈರ್ಯವಾಗಿ ಹೊರಡಿ.

ಚೀಲವನ್ನು ಮಗಳೇ ತುಂಬಿಕೊಳ್ಳಲಿ. ಟಾರ್ಚು, ಉದ್ದ ಕಾಲುಚೀಲ, ಇಂಬಳಕ್ಕೆ (ಕಾಡಿನ ಜಿಗಣೆಗೆ) ಒಂದು ಪೊಟ್ಟಣ ಉಪ್ಪು, ಇಷ್ಟು ಇದೆಯೇ ಎಂದು ನೀವು ನೋಡಿದರೆ ಸಾಕು.