ಬೇಸಿಗೆಯ ವೀಕೆಂಡ್, ಗೆಳೆಯರ ಗುಂಪು, ಲೈವ್ ಮ್ಯೂಸಿಕ್: ಪ್ಲಾನ್ ಮಾಡೋದು ಹೇಗೆ?

ಆರು ಜನ ಗೆಳೆಯರು ಶನಿವಾರ, ಭಾನುವಾರ ಎರಡೇ ದಿನಕ್ಕೆ ದೊಡ್ಡ ನಗರವೊಂದಕ್ಕೆ ಹೊರಟಿದ್ದೀರಿ. ಊರೂ ಸುತ್ತಬೇಕು, ಲೈವ್ ಮ್ಯೂಸಿಕ್ಕೂ ಕೇಳಬೇಕು, ಬಿಸಿಲು ಬೇರೆ ಜೋರಾಗಿದೆ, ಇದೆಲ್ಲ ಆಗುವ ಮಾತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಎರಡು ದಿನಕ್ಕೆ ಒಂದೇ ಒಂದು ಕಾನ್ಸರ್ಟ್ ಗಟ್ಟಿ ಮಾಡಿಕೊಳ್ಳಿ. ಅದೂ ಶನಿವಾರ ಸಂಜೆಯದ್ದು. ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಹೊಂದಿಕೊಳ್ಳಲಿ.

ಒಂದೇ ಯಾಕೆ ಅಂತೀರಾ? ಟಿಕೆಟ್ ಮೇಲೆ ಏಳು ಗಂಟೆ ಅಂತ ಇದ್ದರೆ ಅದು ಎಷ್ಟೋ ಸಲ ಗೇಟು ತೆರೆಯುವ ಹೊತ್ತು. ಮೊದಲು ಒಂದು ಚಿಕ್ಕ ಬ್ಯಾಂಡ್ ಬರುತ್ತದೆ. ಆಮೇಲೆ ವೇದಿಕೆ ಬದಲಿಸಬೇಕು, ಮೈಕು ಸರಿ ಮಾಡಬೇಕು. ನೀವು ದುಡ್ಡು ಕೊಟ್ಟದ್ದು ಯಾರಿಗೋ ಅವರು ಬರುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಮುಗಿದ ಮೇಲೆ ಜನಜಂಗುಳಿಯಲ್ಲಿ ಹೊರಗೆ ಬರುವುದೇ ಒಂದು ಕೆಲಸ. ಮರುದಿನವೂ ಇಷ್ಟೇ ಮಾಡಿದರೆ ಸೋಮವಾರ ಆಫೀಸಿನಲ್ಲಿ ಕೂತು ತೂಕಡಿಸುತ್ತೀರಿ, ಅಷ್ಟೇ.

ಟಿಕೆಟ್ ಸಿಗಲಿಲ್ಲ ಅಂತ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ. ಬೇಸಿಗೆಯಲ್ಲಿ ಪುಕ್ಕಟೆ ಸಂಗೀತಕ್ಕೆ ಬರವಿಲ್ಲದ ನಗರಗಳು ಬಹಳ ಇವೆ. ಪ್ಯಾರಿಸ್‌ನಲ್ಲಿ 1982ರಿಂದ ಪ್ರತಿ ವರ್ಷ ಜೂನ್ 21ರಂದು 'ಫೆತ್ ದ ಲಾ ಮ್ಯೂಸಿಕ್' ನಡೆಯುತ್ತದೆ. ಅವತ್ತು ವೃತ್ತಿಪರರು, ಹವ್ಯಾಸಿಗಳು ಎಲ್ಲರೂ ಬೀದಿಗೆ ಬಂದು ನುಡಿಸುತ್ತಾರೆ, ಕೇಳುವವರಿಗೆ ಟಿಕೆಟ್ಟೇ ಇಲ್ಲ. ಈಗ ಬೇರೆ ಎಷ್ಟೋ ದೇಶಗಳು ಇದನ್ನೇ ಅನುಸರಿಸುತ್ತವೆ. ಲಂಡನ್ನಿನಲ್ಲಿ 1895ರಲ್ಲಿ ಶುರುವಾದ 'ಪ್ರಾಮ್ಸ್' ಎಂಬ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಛೇರಿಗಳಿಗೆ ಇವತ್ತಿಗೂ ನಿಂತು ಕೇಳುವ ಅಗ್ಗದ ಟಿಕೆಟ್ ಅದೇ ದಿನ ಮಾರುತ್ತಾರೆ. ಹೋಗುವ ಊರಿನಲ್ಲಿ ಇಂಥದ್ದೇನಾದರೂ ಇದೆಯಾ ಅಂತ ಮೊದಲು ನೋಡಿ. ರೂಮ್ ಬುಕ್ ಮಾಡುವುದು ಆಮೇಲೆ.

ಇನ್ನು ಎಲ್ಲಿ ನಿಲ್ಲಬೇಕು ಅನ್ನುವುದು. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಲ್ಲರೂ ವೇದಿಕೆ ಬುಡಕ್ಕೆ ನುಗ್ಗುತ್ತಾರೆ. ಮುಖ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬೇಸ್ (ತಗ್ಗು ಸ್ವರದ) ಸ್ಪೀಕರ್‌ಗಳು ಸಾಮಾನ್ಯವಾಗಿ ನೆಲದ ಮೇಲೆ ಅಲ್ಲೇ ಇರುತ್ತವೆ, ಹಾಡಿನ ಮಾತು ಬರುವ ಸ್ಪೀಕರ್‌ಗಳು ಮೇಲೆ ತೂಗುತ್ತಿರುತ್ತವೆ. ಹಾಗಾಗಿ ಎದೆ ನಡುಗುತ್ತದೆ, ಸಾಹಿತ್ಯ ಮಾತ್ರ ಕಿವಿಗೆ ಸಿಗುವುದಿಲ್ಲ. ಜನರ ನಡುವೆ ಬೇಲಿ ಹಾಕಿದ ಒಂದು ಸಣ್ಣ ಅಟ್ಟಣಿಗೆ ಇರುತ್ತದೆ ನೋಡಿ, ಅಲ್ಲಿ ಸೌಂಡ್ ಇಂಜಿನಿಯರ್ ಶಬ್ದ ಹದ ಮಾಡುವ ಮಿಕ್ಸರ್ ಮುಂದೆ ನಿಂತಿರುತ್ತಾನೆ. ಅವನು ತನ್ನ ಕಿವಿಗೆ ಕೇಳಿದ್ದನ್ನೇ ಸರಿಮಾಡುತ್ತಾ ಹೋಗುತ್ತಾನೆ, ಅಲ್ವಾ? ಅವನ ಪಕ್ಕ ನಿಂತರೆ ಆ ಮೈದಾನದ ಒಳ್ಳೆಯ ಸೌಂಡ್ ನಿಮ್ಮದೇ. ತೀರಾ ಹಿಂದೆ ಹೋದರೆ ಇನ್ನೊಂದು ತಮಾಷೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್ ದೂರದಲ್ಲಿ ನಿಂತು ಡ್ರಮ್ಮರ್ ಕೈಯನ್ನೇ ನೋಡಿ: ಕೋಲು ಬಿದ್ದು, ಮೇಲೆದ್ದ ಮೇಲೆ ಏಟು ಕೇಳುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಬೇರೇನೂ ಕಾಣಿಸುವುದಿಲ್ಲ!

ಇಯರ್‌ಪ್ಲಗ್ ಕೊಳ್ಳಿ. ನಗಬೇಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು ಬರೀ 15 ನಿಮಿಷ. ಜೋರಾದ ಕಾನ್ಸರ್ಟ್‌ಗಳು ಆ ಮಟ್ಟ ಮುಟ್ಟುವುದು ಏನೂ ಅಪರೂಪವಲ್ಲ. ರಾತ್ರಿ ರೂಮಿಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ಮೋಜಿನ ಗುರುತಲ್ಲ. ಒಳಕಿವಿಯ ಸೂಕ್ಷ್ಮ ಕೋಶಗಳಿಗೆ ಏಟು ಬಿದ್ದಿದೆ ಅಂತ ಅರ್ಥ, ಸತ್ತ ಕೋಶ ಮತ್ತೆ ಬೆಳೆಯುವುದಿಲ್ಲ. ಸ್ಪಂಜಿನ ಪ್ಲಗ್ ಹಾಕಿದರೆ ಸಂಗೀತ ಕಂಬಳಿ ಹೊದ್ದಂತೆ ಕೇಳಿಸುತ್ತದೆ, ಯಾಕೆಂದರೆ ಅದು ಮೇಲಿನ ಸ್ವರಗಳನ್ನೇ ಜಾಸ್ತಿ ನುಂಗುತ್ತದೆ. ಸಂಗೀತಗಾರರಿಗೆಂದೇ ಮಾಡಿದವು ಸಿಗುತ್ತವೆ, ಅವು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತವೆ. ನಾನು ಅದನ್ನೇ ಬಳಸುವುದು. ಪಕ್ಕದಲ್ಲಿ ಮಾತಾಡುವವರ ದನಿ ಕೂಡ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಗುಂಪಿನಲ್ಲಿ ಯಾರಾದರೂ ತಪ್ಪಿಸಿಕೊಂಡೇ ತಪ್ಪಿಸಿಕೊಳ್ಳುತ್ತಾರೆ. ಅಷ್ಟು ಜನ ಒಂದೇ ಟವರ್‌ಗೆ ಮುಗಿಬಿದ್ದಾಗ ಕರೆ ಹೋಗುವುದಿಲ್ಲ, ವಾಟ್ಸಾಪ್ ಸುಮ್ನೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಒಳಗೆ ಕಾಲಿಡುವ ಮೊದಲೇ ಒಂದು ಜಾಗ, ಒಂದು ಹೊತ್ತು ಮಾತಾಡಿಕೊಳ್ಳಿ. 'ವೇದಿಕೆಯ ಎಡಗಡೆ' ಅನ್ನಬೇಡಿ, ಯಾರ ಎಡಗಡೆ ಅಂತ ಅಲ್ಲೇ ಜಗಳ ಶುರುವಾಗುತ್ತದೆ. ಕತ್ತಲಲ್ಲೂ ಕಾಣುವ, ಅಲ್ಲಾಡದ ವಸ್ತು ಬೇಕು: ಗೇಟಿನ ನಂಬರ್ ಬೋರ್ಡು, ದೀಪದ ಕಂಬ, ಅಂಥದ್ದು.

ಊರು ಸುತ್ತುವುದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮ್ಯೂಸಿಯಮ್ಮೋ ನಿದ್ದೆಯೋ, ನಿಮ್ಮಿಷ್ಟ. ಸಂಜೆ ತಂಪಾಗುತ್ತದೆ ಅಂತ ನಂಬಿ ಕೂರಬೇಡಿ. ಹಗಲೆಲ್ಲ ಬಿಸಿ ಕುಡಿದ ಕಾಂಕ್ರೀಟು, ಡಾಂಬರು ರಾತ್ರಿಯೂ ಅದನ್ನು ಉಗುಳುತ್ತಲೇ ಇರುತ್ತವೆ. ನೀರಿನ ಬಾಟಲಿ ಒಳಗೆ ಬಿಡುತ್ತಾರಾ, ಖಾಲಿ ಬಾಟಲಿ ಮಾತ್ರವಾ ಅಂತ ಟಿಕೆಟ್ ಹಿಂದಿನ ನಿಯಮ ಓದಿಕೊಳ್ಳಿ.

ಕೊನೆಯದಾಗಿ ಆರು ಜನರ ವಿಷಯ. ಆರಕ್ಕೆ ಆರೂ ಜನಕ್ಕೆ ಒಂದೇ ಸಂಗೀತ ಹಿಡಿಸುವುದು ಕಷ್ಟ. ಇಬ್ಬರಿಗೆ ಬೇಡವಾದರೆ ಬಿಡಿ, ಅವರು ಬೇರೆ ಎಲ್ಲಾದರೂ ಸುತ್ತಲಿ, ರಾತ್ರಿ ರೂಮಿನಲ್ಲಿ ಸಿಕ್ಕರಾಯಿತು. ಬಲವಂತಕ್ಕೆ ಬಂದವನು ಎರಡನೇ ಹಾಡಿಗೇ 'ಯಾವಾಗ ಮುಗಿಯುತ್ತೆ' ಅಂತ ಶುರುಮಾಡುತ್ತಾನೆ. ಖರ್ಚು ಒಬ್ಬರೇ ಬರೆದಿಟ್ಟುಕೊಳ್ಳಲಿ, ಲೆಕ್ಕ ಭಾನುವಾರ ವಾಪಸ್ ಬರುವ ದಾರಿಯಲ್ಲೇ ಚುಕ್ತಾ ಆಗಲಿ. ಆ ವಾಪಸ್ ಟಿಕೆಟ್ಟನ್ನು ಮಾತ್ರ ಬೆಳಗಿನ ಗಾಡಿಗೆ ಮಾಡಿಸಬೇಡಿ.